ಬೂಟಿನೊಳಗಿನ ಸೈತಾನ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. ಒಬ್ಬ ರೋಗಿಗೆ ಸಿಗುವುದೇ ಹತ್ತು ನಿಮಿಷ, ಆ ಅಜ್ಜಿ ಮಂಡಿಯೊಳಗೆ ಯಾರೋ ಸೇರಿಕೊಂಡಿದ್ದಾರೆ ಅಂತ ಕಥೆ ಶುರುಮಾಡಿದಳು, ಅರ್ಧಕ್ಕೇ ತಡೆದು ಎಕ್ಸ್‌ರೇಗೆ ಬರೆದುಕೊಟ್ಟೆ ಅಂದೆ. ನಾನು ಆಗ ಸುಮ್ಮನಿದ್ದೆ. ಮಾತಾಡಿದ್ದರೆ ಗದರಿದಂತಾಗುತ್ತಿತ್ತು. ಅದಕ್ಕೇ ಈ ಪತ್ರ.

ಹೋದ ಬೇಸಗೆಯಲ್ಲಿ ನನ್ನನ್ನು ಇಂಗ್ಲೆಂಡಿನ ನಾರ್ತ್ ಮಾರ್ಸ್ಟನ್ ಹಳ್ಳಿಗೆ ಕರೆದುಕೊಂಡು ಹೋಗಿದ್ದೆಯಲ್ಲ, ನೆನಪು ಮಾಡಿಕೋ. ಅಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಚರ್ಚು ಹೇಗೆ ಬಂತು ಅಂತ ನಾನು ಕೇಳಿದ್ದೆ. ಸುಮಾರು 1290ರಿಂದ ಸಾಯುವತನಕ, ಅಂದರೆ 1314ರ ಆಸುಪಾಸಿನವರೆಗೆ, ಜಾನ್ ಶೋರ್ನ್ ಅಲ್ಲಿ ಪಾದ್ರಿ. ಪ್ರಾರ್ಥನೆಗೆ ಊರಿ ಊರಿ ಅವನ ಮಂಡಿ ಕೊಂಬಿನಂತೆ ಗಟ್ಟಿಯಾಗಿತ್ತಂತೆ. ಬರಗಾಲದಲ್ಲಿ ಕೋಲಿನಿಂದ ನೆಲಕ್ಕೆ ಹೊಡೆದ, ನೀರು ಚಿಮ್ಮಿತಂತೆ. ಆ ಬಾವಿಯನ್ನು ನಾವೇ ನೋಡಿದೆವು. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಸೈತಾನನನ್ನು ಹಿಡಿದು ಒಂದು ಬೂಟಿನೊಳಗೆ ತುರುಕಿಬಿಟ್ಟನಂತೆ.

‘ಕಟ್ಟುಕಥೆ ದೊಡ್ಡಪ್ಪ’ ಅಂತ ನೀನು ಕಾರಿನಲ್ಲೇ ತೀರ್ಪು ಕೊಟ್ಟೆ.

ಕಟ್ಟುಕಥೆಯೇ ಇರಲಿ ಪುಟ್ಟಿ. ಆದರೆ ಅದನ್ನು ಕಟ್ಟಿಕೊಂಡವರು ಯಾರು ನೋಡು. ಆ ಬಾವಿಗೆ ಬರುತ್ತಿದ್ದವರಲ್ಲಿ ಗೌಟ್ ಎಂಬ ಕೀಲುನೋವು ಹಿಡಿದವರು, ನಡುಕದ ಜ್ವರದವರು ಇದ್ದರು. ಗೌಟ್ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯರಾತ್ರಿ ಎಡಗಾಲಿನ ಹೆಬ್ಬೆರಳಿಗೆ ಬೆಂಕಿ ಬಿತ್ತು. ಚಾದರದ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ, ‘ಬೆರಳೊಳಗೆ ಏನೋ ಕೂತು ಕಚ್ಚುತ್ತಿದೆ, ನಿದ್ದೆಯಲ್ಲಿದ್ದಾಗ ಬಂತು’ ಅಂದೆ. ಅವರು ‘ಎಲ್ಲಿ ಎಡವಿದಿರಿ?’ ಅಂತಷ್ಟೇ ಕೇಳಿ, ಉಳುಕು ಅಂತ ಬಿಗಿಯಾಗಿ ಪಟ್ಟಿ ಸುತ್ತಿದರು. ಆ ಪಟ್ಟಿಯಡಿಯಲ್ಲಿ ನಾನು ಪಟ್ಟ ಪಾಡನ್ನು ನಿನ್ನ ದೊಡ್ಡಮ್ಮನನ್ನು ಕೇಳು.

ನಾನು ಹೇಳಿದ್ದರಲ್ಲೇ ರೋಗ ಇತ್ತಲ್ಲವೇ? ರಾತ್ರಿ ಬಂತು, ಪೆಟ್ಟು ಬಿದ್ದಿರಲಿಲ್ಲ, ಬಟ್ಟೆ ತಾಗಿದರೂ ತಡೆಯಲಾಗುತ್ತಿರಲಿಲ್ಲ. ಕೀಲಿನಲ್ಲಿ ಯೂರಿಕ್ ಆಸಿಡ್ಡಿನ ಹರಳು ಕಟ್ಟುತ್ತದೆ ಅಂತ ಆಮೇಲೆ ನೀನೇ ನನಗೆ ಚಿತ್ರ ಬರೆದು ತೋರಿಸಿದೆ. ಶೋರ್ನನ ಕಾಲದವರಿಗೆ ಹರಳು ಗೊತ್ತಿರಲಿಲ್ಲ. ಬೂಟು ಗೊತ್ತಿತ್ತು, ಸೈತಾನ ಗೊತ್ತಿತ್ತು. ಬೂಟಿನಲ್ಲಿ ಇರುವುದು ಕಾಲು, ಅಲ್ಲೇ ಸೈತಾನನೂ ಕೂತ. ಗೌಟಿನ ನೋವು ಎಷ್ಟೋ ಸಲ ವಾರ, ಎರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ ಅಂತ ನೀನೇ ಹೇಳಿದ್ದು. ಬಾವಿಯ ನೀರು ಕುಡಿದು ಊರಿಗೆ ಮರಳುವಷ್ಟರಲ್ಲಿ ಹಗುರಾದವನಿಗೆ ಪಾದ್ರಿ ಸುಳ್ಳಾಗಿ ಕಂಡಾನೇ?

ಅವನ ಹೆಸರು ಎಷ್ಟು ದೂರ ಹೋಯಿತು ನೋಡು. ನಾರ್ಫಕ್‌ನ ಕಾಸ್ಟನ್ ಮತ್ತು ಗೇಟ್ಲಿ ಚರ್ಚುಗಳ ಮರದ ತೆರೆಗಳ ಮೇಲೆ ಅವನ ಚಿತ್ರ ಇದೆ, ಕೈಯಲ್ಲಿ ಬೂಟು ಸಮೇತ. ಯಾತ್ರಿಕರು ಕೊಂಡೊಯ್ಯುತ್ತಿದ್ದ ಸೀಸದ ಬಿಲ್ಲೆಗಳು ಲಂಡನ್ನಿನಲ್ಲಿ ಸಿಕ್ಕಿವೆ. ಚರ್ಚು ಅವನನ್ನು ವಿಧಿಪೂರ್ವಕವಾಗಿ ಸಂತ ಅಂತ ಎಂದೂ ಸಾರಲಿಲ್ಲ, ಜನ ಅದಕ್ಕೆ ಕಾಯಲೂ ಇಲ್ಲ. ಕೊನೆಗೆ 1478ರಲ್ಲಿ ಪೋಪರ ಅನುಮತಿ ಪಡೆದು ಅವನ ಅಸ್ಥಿಯನ್ನೇ ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲಿಗೆ ಒಯ್ದರು. ನನಗೆ ಇದು ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ರಾಜರಿಗೆ ವಿಂಡ್ಸರಿನಲ್ಲಿ ಏನು ಕೊರತೆ ಇತ್ತು? ಆ ಹಳ್ಳಿಗೆ ಇದ್ದದ್ದು ಅವನೊಬ್ಬನೇ.

ನೀನು ಓದಿದ ಕಾಲೇಜಿನ ಪುಸ್ತಕಗಳಲ್ಲೂ ಇರಬಹುದು, 1799ರಲ್ಲಿ ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಗಿಲ್‌ರೇ ಬರೆದ ಗೌಟಿನ ಚಿತ್ರ. ಊದಿದ ಕಾಲಿನ ಮೇಲೆ ಕಪ್ಪು ಸೈತಾನ ಉಗುರೂರಿ ಕಚ್ಚುತ್ತಿದ್ದಾನೆ. ಆ ಹೊತ್ತಿಗೆ ಯಾತ್ರೆ ನಿಂತು ಎರಡು ಶತಮಾನ ಕಳೆದಿತ್ತು. ನೋಯುವವನ ಕಣ್ಣಿಗೆ ಕಾಣುವವನು ಮಾತ್ರ ಬದಲಾಗಿರಲಿಲ್ಲ.

ಬಾವಿ ನೀರು ಕುಡಿಸು ಅಂತ ನಾನು ಹೇಳುತ್ತಿಲ್ಲ ಮಗಳೇ. ಎಕ್ಸ್‌ರೇ ಬೇಕು, ಮಾತ್ರೆ ಬೇಕು. ಆದರೆ ಆ ಅಜ್ಜಿ ಮುಂದಿನ ಸಲ ಬಂದಾಗ ಮಂಡಿಯಲ್ಲಿರುವವನು ಯಾವಾಗ ಬರುತ್ತಾನೆ, ರಾತ್ರಿಯೋ ಹಗಲೋ, ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ, ಬಂದವನು ಎಷ್ಟು ದಿನ ಇರುತ್ತಾನೆ ಅಂತ ಕೇಳು. ಅವಳ ಮಾತಿನಲ್ಲೇ ಕೇಳು. ಎರಡು ನಿಮಿಷ ಹೆಚ್ಚು ಹೋದರೆ ಹೊರಗೆ ಕೂತವರು ಕಾಯುತ್ತಾರೆ.

ನನ್ನ ಯೂರಿಕ್ ಆಸಿಡ್ ಈ ಸಲ 5.8ಕ್ಕೆ ಇಳಿದಿದೆ. ಅದನ್ನು ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ನಿನ್ನ ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಬರುವವರು ಯಾರಾದರೂ ಇದ್ದರೆ ತಿಳಿಸು. ಆ ಅಜ್ಜಿ ಏನು ಹೇಳಿದಳು ಅಂತ ಬರೆ.

ಇತಿ,
ನಿನ್ನ ದೊಡ್ಡಪ್ಪ