ಮುತ್ಯಾನ್ನ ಒಂದು ಮಾತು ಕೇಳಬೇಕು

ಅವ್ವಾ, ಅಪ್ಪಾ,

ಫೋನಿನಲ್ಲಿ ಹೇಳೋಣ ಅಂದ್ರೆ ಊಟ ಆಯ್ತಾ, ಚಳಿ ಹೇಗಿದೆ ಅನ್ನೋದರಲ್ಲೇ ಹೊತ್ತು ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಿನ್ನಾಳಕ್ಕೆ ಹೋದಾಗ ಮುತ್ಯಾಗೆ ಓದಿ ಹೇಳು ಅವ್ವಾ.

ಇಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಮೇ ಬಂತೆಂದರೆ ಯೂನಿವರ್ಸಿಟಿಯ ಆರ್ಟ್ ಕಾಲೇಜಿನಲ್ಲಿ ಕೊನೆ ವರ್ಷದವರ ಪ್ರದರ್ಶನ. ಡಿಗ್ರಿ ಶೋ ಅನ್ನುತ್ತಾರೆ. ನಾನು ಓದೋದು ಕಂಪ್ಯೂಟರ್ ಆದರೂ ಈ ಸಲ ಅಲ್ಲಿ ಕಾವಲು ಕೆಲಸ ಸಿಕ್ಕಿತು. ಒಂದು ಮೂಲೆಯಲ್ಲಿ ನಿಂತು ಯಾರೂ ಏನೂ ಮುಟ್ಟದ ಹಾಗೆ ನೋಡಿಕೊಳ್ಳೋದು, ಅಷ್ಟೇ. ಚಿತ್ರ ತೂಗುಹಾಕೋಕೂ ಕರೆದಿದ್ದರು. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಬೇಕಂತೆ, ನೋಡುವವರ ಕಣ್ಣಿನ ಮಟ್ಟ. ಅಪ್ಪಾ, ನೀನು ಗೋಡೆ ಕಟ್ಟುವಾಗ ಹಿಡಿಯುವ ರಸಮಟ್ಟವನ್ನೇ ಇವರೂ ಹಿಡಿದು ನಿಂತಿದ್ದರು, ನನಗೆ ನಗು. ಮಾರಾಟವಾದರೆ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ. ಚೌಕಾಸಿ ಗೀಕಾಸಿ ಇಲ್ಲ.

ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಬ್ಬ ಕತ್ತಲೆ ಕೋಣೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸುತ್ತಿದ್ದ, ಬಾಗಿಲಲ್ಲಿ ಎರಡು ಪುಟ ವಿವರಣೆ.

ಆದರೆ ನನ್ನ ಮೂಲೆಯಲ್ಲಿದ್ದದ್ದು ಬೇರೆ. ಈ ಊರು ಒಂದು ಕಾಲಕ್ಕೆ ಸೆಣಬಿನ ಊರು. ಬಂಗಾಳದಿಂದ ಹಡಗಿನಲ್ಲಿ ಸೆಣಬು ಬಂದು ಇಲ್ಲಿನ ಗಿರಣಿಗಳಲ್ಲಿ ಗೋಣಿಬಟ್ಟೆ ಆಗುತ್ತಿತ್ತು, ದುಡಿಯುವವರಲ್ಲಿ ಹೆಂಗಸರೇ ಜಾಸ್ತಿ. ಅಂಥ ಒಬ್ಬಳ ಮರಿಮೊಮ್ಮಗಳು ಹಳೇ ಗೋಣಿಯನ್ನು ಅಂಟಿನಲ್ಲಿ ಅದ್ದಿ, ಸೀಮೆಸುಣ್ಣದ ಪುಡಿ ಲೇಪಿಸಿ, ಆಳೆತ್ತರದ ಏಳು ಹೆಂಗಸರನ್ನು ನಿಲ್ಲಿಸಿದ್ದಳು. ಅಂಟು ಯಾವುದು ಅಂದೆ. ಮೊಲದ ಚರ್ಮ ಕುದಿಸಿದ್ದು ಅಂದಳು! ಮುತ್ಯಾಗೆ ಇದನ್ನು ಸ್ವಲ್ಪ ಮೆಲ್ಲಗೆ ಹೇಳು.

ಆಗ ನಾನು ನಮ್ಮ ಕಿಟ್ಟದ ಕತೆ ಬಿಚ್ಚಿದೆ, ಮುತ್ಯಾ ಕಿನ್ನಾಳದ ಮರದ ಗೊಂಬೆಗೆ ಮೆತ್ತುವ ಮುದ್ದೆಯದು. ಗೋಣಿ ಚಿಂದಿ ನೆನೆಸಿ, ಕತ್ತರಿಸಿ, ಒಣಗಿಸಿ ಪುಡಿ ಮಾಡಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಗೊಂಬೆಗೆ ಮೆತ್ತೋದು, ಮೇಲೆ ಅರಳೆಬಟ್ಟೆ ತುಂಡು, ಅದರ ಮೇಲೆ ಹರಳುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಹಂಪಿ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರ ನಮ್ಮ ಹಿರಿಯರೇ ಬರೆದದ್ದು ಅಂತ ಮುತ್ಯಾ ಹೇಳೋದನ್ನೂ ಸೇರಿಸಿದೆ. ಅವಳು ಎಲ್ಲ ಬರೆದುಕೊಂಡಳು. ಆಮೇಲೆ ಕೇಳಿದಳು, ಬೀಜ ಹುರಿದು ಸಿಪ್ಪೆ ತೆಗೆಯೋದಾ, ಸುಮ್ನೆ ನೆನೆಹಾಕೋದಾ? ಎಷ್ಟು ಹೊತ್ತು ಕುದಿಸೋದು?

ನನಗೆ ಗೊತ್ತಿಲ್ಲ ಅವ್ವಾ. ಪ್ರತಿ ರಜೆಗೂ ಹೋಗಿ ಆ ಗಡಿಗೆ ಪಕ್ಕದಲ್ಲೇ ಕೂತು ಮೊಬೈಲ್ ನೋಡುತ್ತಿದ್ದವಳು ನಾನು.

ಮುತ್ಯಾ ಮುಂದಿನ ಸಲ ಬೀಜ ಕುದಿಸುವಾಗ ತಮ್ಮನನ್ನು ಕಳಿಸು, ವಿಡಿಯೋ ಮಾಡಲಿ. ಬರೀ ಮುಖ ಹಿಡಿಯಬೇಡ ಅನ್ನು, ಕೈ ಕಾಣಬೇಕು, ಗಡಿಗೆ ಒಳಗೆ ಕಾಣಬೇಕು. ಇಲ್ಲಿ ಅಂಗಡಿಯಲ್ಲಿ ಹುಣಸೆಹಣ್ಣು ಬೀಜ ತೆಗೆದೇ ಮಾರುತ್ತಾರೆ. ಪೊಟ್ಟಣಕ್ಕೆ ಒಂದೋ ಎರಡೋ ತಪ್ಪಿಸಿಕೊಂಡು ಬಂದಿರುತ್ತವೆ, ಅವನ್ನೇ ನಾವಿಬ್ಬರೂ ಕೂಡಿಡುತ್ತಿದ್ದೇವೆ. ಇಲ್ಲಿವರೆಗೆ 11 ಆಗಿವೆ.

ನಿಮ್ಮ ಮಗಳು