ಬಾವಿ ನೀರಿನಲ್ಲಿ ಯಾವ ಔಷಧಿ ಹುಡುಕಬೇಕು? ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕೊಡಗಿನ ಬಾವಿಗಳ ನೀರು ಪರೀಕ್ಷೆ ಮಾಡಿಸುವ ಮೊದಲು ಒಂದು ಲೆಕ್ಕ ಹಾಕಿಸಿ ಎಂದು ಕೇಳಲು ಈ ಪತ್ರ. ತೋಟಕ್ಕೆ, ಗದ್ದೆಗೆ ನಾವು ಹಾಕುವ ಕೀಟ, ರೋಗದ ಔಷಧಿಗಳಲ್ಲಿ ಯಾವುದು ಮಣ್ಣಿನಲ್ಲೇ ಉಳಿಯುತ್ತದೆ, ಯಾವುದು ಅಂತರ್ಜಲಕ್ಕೆ ಇಳಿಯುತ್ತದೆ ಎಂಬ ಲೆಕ್ಕ.

ಎರಡೇ ಔಷಧಿ ನೋಡಿ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಹುಳುವಿಗೆ ಕ್ಲೋರ್‌ಪೈರಿಫಾಸ್ ಹೊಡೆಯುವುದು ಹಳೆಯ ರೂಢಿ. ಅದು ಲೀಟರ್ ನೀರಿಗೆ ಒಂದೆರಡು ಮಿಲಿಗ್ರಾಂ ಕರಗಿದರೆ ಹೆಚ್ಚು. ತರಗೆಲೆ ಕೊಳೆತು ಕಪ್ಪಾದ ತೋಟದ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಣ್ಣು ಕೊಚ್ಚಿಹೋದರೆ ಅದರ ಜೊತೆ ತೋಡು ಸೇರಬಹುದು, ಬಾವಿಗೆ ಇಳಿಯುವುದು ಕಡಿಮೆ. ಶುಂಠಿಯ ಕೊಳೆ ರೋಗಕ್ಕೆ ಬುಡಕ್ಕೆ ಸುರಿಯುವ ಮೆಟಲಾಕ್ಸಿಲ್ ಹಾಗಲ್ಲ. ಲೀಟರಿಗೆ ಸುಮಾರು 8 ಗ್ರಾಂ ಕರಗುತ್ತದೆ, ಮಣ್ಣಿಗೆ ಅಷ್ಟಾಗಿ ಅಂಟುವುದಿಲ್ಲ. ಕೊಳೆ ರೋಗ ಜೋರಾಗುವುದು ಮಳೆಗಾಲದಲ್ಲಿ. ಅಂದರೆ ನೆಲ ನೆನೆದು ನೀರು ಕೆಳಗೆ ಇಳಿಯುತ್ತಿರುವಾಗಲೇ ಸುರಿಯುತ್ತಾರೆ. ಅದೂ ಎಷ್ಟೋ ಕಡೆ ಗದ್ದೆಯಲ್ಲಿ, ಅಂತರ್ಜಲ ಕೈಗೆಟಕುವಷ್ಟು ಮೇಲಿರುವ ಜಾಗದಲ್ಲಿ.

ಈಗ ಕುಡಿಯುವ ನೀರಿನ ಮಾನದಂಡಕ್ಕೆ ಬನ್ನಿ. ಭಾರತೀಯ ಮಾನದಂಡ ಐಎಸ್ 10500ರ 2012ರ ಪಟ್ಟಿಯಲ್ಲಿ ಕ್ಲೋರ್‌ಪೈರಿಫಾಸ್‌ಗೆ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ ಇದೆ. ಮೆಟಲಾಕ್ಸಿಲ್ ಹೆಸರೇ ಇಲ್ಲ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವೂ ಇಲ್ಲ. ಪಟ್ಟಿಯಲ್ಲಿ ಇರುವುದನ್ನು ಮಾತ್ರ ಹುಡುಕಿದರೆ, ಇಳಿಯುವ ಔಷಧಿ ಸಿಗುವುದಾದರೂ ಹೇಗೆ? ನನಗೆ ನಿಜವಾಗಿಯೂ ಆತಂಕ ಇರುವುದು ಇಲ್ಲೇ.

ಯುರೋಪಿನಲ್ಲಿ ಔಷಧಿಗೆ ಒಪ್ಪಿಗೆ ಕೊಡುವ ಮೊದಲೇ ಪರ್ಲ್, ಪೆಲ್ಮೊ, ಮ್ಯಾಕ್ರೊ ಮುಂತಾದ ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ಮಣ್ಣನ್ನು ತೆಳು ಪದರಗಳಾಗಿ ವಿಂಗಡಿಸಿ, ದಿನದಿನದ ಮಳೆ ಕೊಟ್ಟು, ಎಷ್ಟು ಅಂಟಿತು, ಎಷ್ಟು ಕೊಳೆತು ಹೋಯಿತು, ಒಂದು ಮೀಟರ್ ಆಳ ದಾಟಿದ್ದೆಷ್ಟು ಎಂದು ನೋಡುತ್ತಾರೆ. ಅಲ್ಲಿ ಅಂತರ್ಜಲದಲ್ಲಿ ಇಂಥ ಯಾವುದೇ ಒಂದು ಔಷಧಿಗೆ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ.

ಆದರೆ ಅವರ ಲೆಕ್ಕವನ್ನು ಸುಮ್ನೆ ತಂದು ಇಲ್ಲಿ ಕೂರಿಸಲು ಆಗುವುದಿಲ್ಲ. ಮಾಡೆಲ್‌ಗಳಿಗೆ ಅವರು ಕೊಡುವ ಯುರೋಪಿನ ಒಂಬತ್ತು ಊರುಗಳ ಮಳೆ ಭಾಗಮಂಡಲದ ಮಳೆಯ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ಜಿಲ್ಲೆಯೊಳಗೇ ಭಾಗಮಂಡಲಕ್ಕೂ ಕುಶಾಲನಗರಕ್ಕೂ ಮಳೆಯಲ್ಲಿ ಎಷ್ಟು ಅಂತರ! ಜೊತೆಗೆ ನೆರಳು ಮರಗಳ ಬೇರು ಕೊಳೆತು ಉಳಿದ ತೂತು, ಎರೆಹುಳದ ದಾರಿ, ಏಡಿ ಬಿಲ. ಜಡಿಮಳೆಯಲ್ಲಿ ನೀರು ಈ ದಾರಿಗಳಲ್ಲಿ ಸೀದಾ ಇಳಿಯುತ್ತದೆ. ಮಣ್ಣಿಗೆ ಔಷಧಿ ಹಿಡಿದಿಟ್ಟುಕೊಳ್ಳಲು ಹೊತ್ತೇ ಸಿಗುವುದಿಲ್ಲ. ಮ್ಯಾಕ್ರೊ ಮಾಡೆಲ್ ಇಂಥ ದಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ನಮಗೆ ಅದೇ ಹೊಂದಬಹುದು ಎಂಬುದು ನನ್ನ ಅನಿಸಿಕೆ.

ಬೇಕಾದವರು ಜಿಲ್ಲೆಯಲ್ಲೇ ಇದ್ದಾರೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಕಾಲೇಜು. ಇವರನ್ನು ಒಂದೇ ಮೇಜಿಗೆ ಕೂರಿಸಿ. ಯಾವ ತಾಲ್ಲೂಕಿನಲ್ಲಿ ಯಾವ ಔಷಧಿ ಎಷ್ಟು ಮಾರಾಟವಾಗುತ್ತಿದೆ ಎಂಬುದು ಅಂಗಡಿಗಳ ದಾಸ್ತಾನು ಪುಸ್ತಕದಲ್ಲಿದೆ. ಕೃಷಿ ಇಲಾಖೆಯಿಂದ ಅದನ್ನು ತರಿಸಿ. ಲೆಕ್ಕ ಯಾವ ಜಾಗ ತೋರಿಸುತ್ತದೋ ಅಲ್ಲಿನ ಬಾವಿಗಳಲ್ಲಿ ಮಳೆಗೆ ಮುಂಚೆ, ಮಳೆಯ ನಡುವೆ, ಮಳೆ ನಿಂತ ಮೇಲೆ ನೀರು ತೆಗೆಯಿರಿ. ಬಾವಿಯ ನೀರಿನಲ್ಲಿ ಸಿಕ್ಕಿದ್ದು ಲೆಕ್ಕಕ್ಕೆ ಹೊಂದದಿದ್ದರೆ ಲೆಕ್ಕವನ್ನೇ ತಿದ್ದಬೇಕು.

ಇದು ಬೆಳೆಗಾರರ ಮೇಲೆ ಕೇಸು ಹಾಕಲು ಅಲ್ಲ ಎಂದು ಮೊದಲೇ ಸಾರಿ ಹೇಳಿ. ಇಲ್ಲದಿದ್ದರೆ ಯಾರೂ ಬಾವಿ ತೋರಿಸುವುದಿಲ್ಲ. ನಾನೂ ಬೆಳೆಗಾರ, ನಮ್ಮ ಮನೆಯಲ್ಲಿ ಕುಡಿಯುವುದೂ ಬಾವಿ ನೀರು. ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲೇ ಅಂಟಿಸಿ. ಮುಂದಿನ ಮುಂಗಾರಿಗೆ ಮುಂಚೆ ಮೊದಲ ಸಭೆಯಾದರೂ ಕರೆಯಿರಿ.

ಇಂತಿ,
ದಕ್ಷಿಣ ಕೊಡಗಿನ ಒಬ್ಬ ಕಾಫಿ ಬೆಳೆಗಾರ