ಅಪ್ಪನ ಕೋಣೆಗೆ ಎದೆಯೆತ್ತರದ ಸ್ಪೀಕರ್

ಅಪ್ಪನಿಗೆ ನಮಸ್ಕಾರಗಳು.

ನಿಮ್ಮ ಚಿಕ್ಕ ಕೋಣೆಗೆ ನೆಲದ ಮೇಲೆ ನಿಲ್ಲುವ ಎದೆಯೆತ್ತರದ ಟವರ್ ಸ್ಪೀಕರ್ ಕೊಳ್ಳುತ್ತೇನೆ ಎಂದ ನಿಮ್ಮ ಪತ್ರವೂ ಅದರ ಅಂಚಿನಲ್ಲಿ ಅಮ್ಮ ಗೀಚಿದ ಎರಡು ಸಾಲೂ ತಲುಪಿದವು. "ಆ ಕೋಣೆಯಲ್ಲಿ ನಿಮ್ಮಪ್ಪ ಕೂರಬೇಕೋ, ಸ್ಪೀಕರ್ ಕೂರಬೇಕೋ, ನೀನೇ ಹೇಳು" ಅಂತ ಕೇಳಿದ್ದಾಳೆ. ನಾನು ದೂರದಲ್ಲಿರುವುದು ಒಳ್ಳೆಯದೇ ಆಯಿತು. ಇಬ್ಬರ ಕೈಗೂ ಸಿಗದೆ ತೀರ್ಪು ಹೇಳಬಹುದು.

ಚಿಕ್ಕ ಕೋಣೆಗೆ ಚಿಕ್ಕ ಸ್ಪೀಕರೇ ಸರಿ ಎಂದು ನಿಮಗೆ ಎಲ್ಲರೂ ಹೇಳಿರುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಅಷ್ಟೇ ಸದ್ದು ಬರಲು ದೊಡ್ಡ ವೂಫರ್ (ಬೇಸ್, ಅಂದರೆ ಕೆಳಗಿನ ಸ್ವರ ನುಡಿಸುವ ಕೋನು) ಸ್ವಲ್ಪ ಅಲುಗಿದರೆ ಸಾಕು, ಚಿಕ್ಕದು ಒದ್ದಾಡಬೇಕು. ಒದ್ದಾಡಿದಾಗಲೇ ನಾದ ಕೆಡುವುದು. ಒಳ್ಳೆಯ ದೊಡ್ಡ ಸ್ಪೀಕರಿನಲ್ಲಿ ಮೆಲ್ಲಗೆ ಹಾಕಿಕೊಂಡು ಕೇಳಿದರೂ ಮೃದಂಗದ ಎಡಗೈ ನಾದಕ್ಕೆ ಮೈ ಇರುತ್ತದೆ. ಅದಕ್ಕೆ ಆಸೆಪಡುವುದರಲ್ಲಿ ತಪ್ಪೇನಿಲ್ಲ. ನಾನು ಮಾಡಿದ ಹಾಗೆ ಮಾತ್ರ ಮಾಡಬೇಡಿ.

ಇದನ್ನು ನಿಮಗೆ ಹೇಳಿರಲಿಲ್ಲ. ಇಲ್ಲಿಗೆ ಬಂದ ಎರಡನೇ ವರ್ಷ ನಾನೂ ಒಂದು ಜೊತೆ ಟವರ್ ಸ್ಪೀಕರ್ ತಂದಿದ್ದೆ. ಅಂಗಡಿಯ ದೊಡ್ಡ ಹಜಾರದಲ್ಲಿ ಹದಿನೈದು ಅಡಿ ದೂರ ಕೂತು ಕೇಳಿ ಮನಸೋತಿದ್ದೆ. ಮನೆಗೆ ತಂದು ಗೋಡೆಯಿಂದ ಒಂದಡಿ ಬಿಟ್ಟು ನಿಲ್ಲಿಸಿದೆ. ಮೊದಲ ವಾರ ಖುಷಿ, ಎರಡನೇ ವಾರ ತಲೆನೋವು. ಯಾವ ಹಾಡು ಹಾಕಿದರೂ ಬೇಸ್ ಒಂದೇ ಥರ ಗುಂಯ್ ಅನ್ನುತ್ತಿತ್ತು. ಸ್ಪೀಕರ್ ಕೆಟ್ಟಿದೆ ಅಂದುಕೊಂಡು ಎರಡು ಸಲ ವಾಪಸ್ ಹೊತ್ತೆ. ಅಲ್ಲಿ ಹಾಕಿದರೆ ಚೊಕ್ಕವಾಗಿಯೇ ನುಡಿಯಿತು. ಗುಂಯ್ಗುಟ್ಟುತ್ತಿದ್ದದ್ದು ನನ್ನ ಕೋಣೆ.

ನಿಮ್ಮ ಕೋಣೆ 13 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಎಂದು ಬರೆದಿದ್ದೀರಿ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಅದನ್ನು ಉದ್ದದ ಎರಡರಷ್ಟರಿಂದ, ಅಂದರೆ 26ರಿಂದ ಭಾಗಿಸಿ. 43 ಹರ್ಟ್ಸ್, ಅಂದರೆ ಸೆಕೆಂಡಿಗೆ 43 ಕಂಪನ, ಬಂತಲ್ವಾ? ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಮೊದಲ ಮನೆ ಒತ್ತಿ ಮೀಟಿದರೆ ಹೆಚ್ಚುಕಡಿಮೆ ಅದೇ ಸ್ವರ. ಆ ಸ್ವರ ಬಂದಾಗಲೆಲ್ಲ ಎದುರುಬದುರು ಗೋಡೆಗಳು ಅದನ್ನು ಹಿಡಿದು ಜೋಕಾಲಿ ತೂಗುತ್ತವೆ. ಅಗಲಕ್ಕೂ ಇದೇ ಲೆಕ್ಕ ಮಾಡಿದರೆ 56. ಎತ್ತರಕ್ಕೂ 56! ಅಗಲ ಎತ್ತರ ಒಂದೇ ಇರುವ ಕೋಣೆಯ ತೊಂದರೆ ಇದು. ಎರಡು ಜೋಕಾಲಿ ಒಂದೇ ತಾಳಕ್ಕೆ ತೂಗುತ್ತವೆ. ಆ ಅಳತೆಯ ಕೋಣೆಯಲ್ಲಿ ಸುಮಾರು 200 ಹರ್ಟ್ಸ್‌ವರೆಗೆ ಸ್ಪೀಕರಿಗಿಂತ ಕೋಣೆಯ ಮಾತೇ ಜಾಸ್ತಿ ನಡೆಯುತ್ತದೆ.

ಇನ್ನೊಂದು ವಿಷಯ. ನನ್ನ ಇಲ್ಲಿನ ಗೋಡೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದವು. ಬೇಸ್ ಬಂದಾಗ ಅವೂ ಸ್ವಲ್ಪ ನಡುಗಿ ಒಂದಿಷ್ಟು ನುಂಗುತ್ತವೆ, ಒಂದಿಷ್ಟು ಪಕ್ಕದ ಮನೆಗೆ ದಾಟಿಸುತ್ತವೆ. (ಪಕ್ಕದ ಮನೆಯವರು ಈಗ ನನ್ನ ಜೊತೆ ಮಾತಾಡುವುದು ಕಡಿಮೆ.) ನಿಮ್ಮದು ಇಟ್ಟಿಗೆ ಗೋಡೆ, ಕಾಂಕ್ರೀಟ್ ಸೂರು. ಅವು ಏನನ್ನೂ ಬಿಟ್ಟುಕೊಡುವುದಿಲ್ಲ. ನನಗೆ ಬಂದ ತಲೆನೋವು ನಿಮಗೆ ದುಪ್ಪಟ್ಟು ಬರಬಹುದು.

ದಪ್ಪ ಪರದೆ ಹಾಕಿಸುತ್ತೇನೆ ಅಂದಿದ್ದೀರಿ. ಹಾಕಿಸಿ, ಆದರೆ ಬೇಸಿಗೆ ಅದು ಮದ್ದಲ್ಲ. 43 ಹರ್ಟ್ಸ್ ಅಲೆಯ ಉದ್ದ 26 ಅಡಿ. ಬಟ್ಟೆ, ಹತ್ತಿಯಂಥವು ಅದನ್ನು ಚೆನ್ನಾಗಿ ಹೀರಬೇಕಾದರೆ ಅದರ ಕಾಲುಭಾಗದಷ್ಟಾದರೂ ದಪ್ಪ ಇರಬೇಕು. ಆರೂವರೆ ಅಡಿ ದಪ್ಪದ ಪರದೆ ಇಳಿಬಿಟ್ಟರೆ ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತದೆ. ಪರದೆ ಜಾಸ್ತಿಯಾದರೆ ತಾಳದ ಕಿಣಿಕಿಣಿ ಸತ್ತು ಬೇಸ್ ಇನ್ನೂ ದಪ್ಪ ಕೇಳುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳುವುದು? ನನ್ನ ಒಲವು ಪೂರ್ತಿ ಮುಚ್ಚಿದ ಪೆಟ್ಟಿಗೆಯ ಕಡೆಗೆ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಎಆರ್-1 ಎಂಬ ಸ್ಪೀಕರಿನಲ್ಲಿ, ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಗಾಳಿಯನ್ನೇ ವೂಫರಿಗೆ ಸ್ಪ್ರಿಂಗಾಗಿ ಬಳಸಿದ. ಅಂಥ ಪೆಟ್ಟಿಗೆಯ ಬೇಸಿನ ಸದ್ದು ಸ್ವರ ಕೆಳಗಿಳಿದಂತೆ ಸ್ಥಾಯಿಗೆ 12 ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತದೆ. ಗಾಳಿ ಹೊರಬರಲು ಪೋರ್ಟ್ ಕೊರೆದ ಪೆಟ್ಟಿಗೆಯದು ಒಂದು ಹಂತದವರೆಗೆ ಗಟ್ಟಿಯಾಗಿ ಬಂದು, ಆಮೇಲೆ 24 ಡೆಸಿಬೆಲ್‌ನಂತೆ ಧಡಕ್ಕನೆ ಬೀಳುತ್ತದೆ. ಇತ್ತ ಬಾಗಿಲು ಮುಚ್ಚಿದ ಚಿಕ್ಕ ಕೋಣೆ ತೀರಾ ಕೆಳಗಿನ ಸ್ವರಗಳನ್ನು ತಾನಾಗಿಯೇ ಎತ್ತಿಕೊಡುತ್ತದೆ. ಕಾರಿನೊಳಗೆ ಬೇಸ್ ಜಾಸ್ತಿ ಕೇಳುವುದೂ ಹೀಗೆಯೇ. ಸ್ಪೀಕರ್ ಇಳಿಸಿದ್ದನ್ನು ಕೋಣೆ ಎತ್ತುತ್ತದೆ, ಲೆಕ್ಕ ಸುಮಾರಾಗಿ ಸರಿಹೋಗುತ್ತದೆ.

ಆದರೆ ಈಗ ಸಿಗುವ ಟವರ್‌ಗಳಲ್ಲಿ ಬಹುಪಾಲು ಪೋರ್ಟ್ ಇರುವವೇ. ಅದನ್ನೇ ಕೊಂಡರೆ ಪೋರ್ಟ್ ಮುಚ್ಚಲು ಫೋಮ್ ಬಿರಡೆ ಕೊಡುತ್ತಾರಾ ಕೇಳಿ. ಕೊಡದಿದ್ದರೆ ಒಂದು ಜೊತೆ ಕಾಲುಚೀಲ ಸುತ್ತಿ ತುರುಕಿ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ನನ್ನ ಸ್ಪೀಕರುಗಳು ಈಗಲೂ ಕಾಲುಚೀಲ ತುರುಕಿಕೊಂಡೇ ನಿಂತಿವೆ, ಅರ್ಧ ತಲೆನೋವು ಅದರಿಂದಲೇ ಹೋಯಿತು.

ಕೂರುವ ಜಾಗಕ್ಕೂ ಲೆಕ್ಕ ಇದೆ. ಉದ್ದದ ನಟ್ಟನಡುವೆ ಕೂತರೆ ಆ 43 ಹರ್ಟ್ಸ್ ಮಾಯ. ಹಿಂದಿನ ಗೋಡೆಗೆ ಒರಗಿ ಕೂತರೆ ಅದೇ ಸ್ವರ ಮೈಮೇಲೆ ಬೀಳುತ್ತದೆ. ಹಿಂದಿನ ಗೋಡೆಯಿಂದ ಐದಡಿ ಮುಂದೆ ಕುರ್ಚಿ ಹಾಕಿ ಶುರುಮಾಡಿ. ಸ್ಪೀಕರನ್ನು ಎದುರುಗೋಡೆಯಿಂದ ಮೂರಡಿ ಈಚೆ ತನ್ನಿ. ಆಮೇಲೆ ಗೇಣು ಗೇಣಾಗಿ ಸರಿಸುತ್ತಾ ಕೇಳಿ.

ಹೀಗೆ ಇಟ್ಟರೆ ನಿಮಗೂ ಸ್ಪೀಕರಿಗೂ ನಡುವೆ ಸುಮಾರು ಆರಡಿ ಅಷ್ಟೇ. ನಾನು ಎಡವಿದ ಎರಡನೇ ಕಡೆ ಇದು. ಎತ್ತರದ ಟವರಿನಲ್ಲಿ ಮೇಲಿನ ಸ್ವರ ನುಡಿಸುವ ಟ್ವೀಟರ್ ಮೇಲೆ, ವೂಫರ್ ಕೆಳಗೆ. ಹತ್ತಿರ ಕೂತರೆ ಎರಡೂ ಬೆರೆಯುವ ಮೊದಲೇ ಕಿವಿಗೆ ಬರುತ್ತವೆ. ಗಾಯಕಿಯ ಕಂಠ ಒಂದು ಕಡೆ, ಉಸಿರು ಇನ್ನೊಂದು ಕಡೆ ಇದ್ದ ಹಾಗಿರುತ್ತದೆ. ಅಂಗಡಿಗೆ ಹೋಗುವಾಗ ಟೇಪ್ ಒಯ್ಯಿರಿ. ಆರಡಿ ಅಳೆದು ಅಲ್ಲೇ ಕುರ್ಚಿ ಹಾಕಿಸಿ. ಅವರು ಹಿಂದೆ ಕೂರಿ ಅಂದರೂ ಕೇಳಬೇಡಿ. ಕಣ್ಣು ಮುಚ್ಚಿ, ನಿಧಾನವಾಗಿ ಅರ್ಧ ಎದ್ದು ಮತ್ತೆ ಕೂತು ನೋಡಿ. ಕಂಠ ಬದಲಾದರೆ ಆ ಸ್ಪೀಕರ್ ನಿಮ್ಮ ಕೋಣೆಗೆ ಬೇಡ. ಟ್ವೀಟರನ್ನು ದೊಡ್ಡ ಕೋನಿನ ನಡುವೆಯೇ ಕೂರಿಸಿದ ಸ್ಪೀಕರುಗಳೂ ಇವೆ. ಟ್ಯಾನೊಯ್ ಕಂಪನಿಯವರು 1947ರಿಂದ ಆ ಥರದ್ದು ಮಾಡಿದ್ದಾರೆ. ಹತ್ತಿರ ಕೂತು ಕೇಳುವವರಿಗೆ ಅಂಥದ್ದು ಒಳ್ಳೆಯದು.

ಆಂಪ್ಲಿಫೈಯರಿಗೆ ಈಗಲೇ ದುಡ್ಡು ಸುರಿಯಬೇಡಿ. ಆರಡಿ ದೂರಕ್ಕೆ ಬಹಳ ಹೊತ್ತು ಕೆಲವೇ ವಾಟ್ ಸಾಕಾಗುತ್ತದೆ. ಇರುವುದನ್ನೇ ಜೋಡಿಸಿ. ಮೈಕ್ ಇಟ್ಟು ಅಳೆದು ಸದ್ದನ್ನು ತಿದ್ದುವ ಉಪಕರಣ ಬೇಕೆನಿಸಿದರೆ ಆಮೇಲೆ ನೋಡೋಣ. ಅದು ಜೋರಾಗಿ ಕೇಳುವ ಸ್ವರದ ಉಬ್ಬನ್ನು ತಟ್ಟಿ ಇಳಿಸುತ್ತದೆ, ಸ್ವರ ಮಾಯವಾದ ಗುಂಡಿ ತುಂಬಲು ಅದರಿಂದ ಆಗುವುದಿಲ್ಲ.

ಅಮ್ಮನಿಗೆ ಒಂದು ಮಾತು. ಅಮ್ಮಾ, ಅಪ್ಪ ಮೆಚ್ಚಿದ ಸ್ಪೀಕರಿನ ಅಳತೆಗೆ ಎರಡು ರಟ್ಟಿನ ಪೆಟ್ಟಿಗೆ ಮಾಡಿಸಿ, ನಾನು ಹೇಳಿದ ಜಾಗದಲ್ಲಿ ಒಂದು ವಾರ ನಿಲ್ಲಿಸಿಬಿಡು. ಕಸ ಗುಡಿಸುವಾಗ, ಕಿಟಕಿ ಹಾಕುವಾಗ ಎಷ್ಟು ಸಲ ಎಡವಿದೆ ಅಂತ ಎಣಿಸಿ ಬರೆ. ಆ ಸಂಖ್ಯೆ ನೋಡಿಯೇ ತೀರ್ಪು ಹೇಳುತ್ತೇನೆ. ಅಪ್ಪಾ, ಅಲ್ಲಿಯವರೆಗೆ ಮುಂಗಡ ಕೊಡಬೇಡಿ.

ಇಂತಿ,
ನಿಮ್ಮ ಮಗಳು